ಮನೆಯಲ್ಲಿ ಕಟ್ಟಿದ ಕಾರಿಗೆ ನಂಬರು ಸಿಕ್ಕೀತೇ?

ಅಶೋಕನ ಶಾಸನದಿಂದ ಹೆಸರಾದ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ ಒಬ್ಬ ಕುಶಲ ಮೆಕ್ಯಾನಿಕ್ ತಾನೇ ಒಂದು ಕಾರು ಕಟ್ಟಿದ ಎಂದಿಟ್ಟುಕೊಳ್ಳಿ. ಎಂಜಿನ್ ಹಳೆಯ ಆಟೋರಿಕ್ಷಾದ್ದು, ಸ್ಟಿಯರಿಂಗ್ ಗುಜರಿಗೆ ಬಿದ್ದ ಜೀಪಿನದು, ಚೌಕಟ್ಟು ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಬೆಸೆದದ್ದು. ಬ್ರೇಕು ಹಿಡಿಯುತ್ತದೆ, ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಅದನ್ನು ಚಿತ್ರದುರ್ಗದ ಸಾರಿಗೆ ಕಚೇರಿಗೆ ಒಯ್ದು ನಿಲ್ಲಿಸಿದರೆ ‘ಕೆಎ-16’ರಿಂದ ಆರಂಭವಾಗುವ ನಂಬರು ಸಿಕ್ಕೀತೇ?

ಸಿಗದು. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ದಾರಿಯೇ ನಮ್ಮ ನಿಯಮಗಳಲ್ಲಿಲ್ಲ. ಆದರೆ ಬಡಗಿಗಳೂ ಕಮ್ಮಾರರೂ ಕೈಯಿಂದ ಕಟ್ಟಿದ ಬಾಡಿ ಹೊತ್ತ ಲಾರಿಗಳು ಇಂಥ ಕಚೇರಿಗಳಲ್ಲೇ ದಶಕಗಳಿಂದ ಪಾಸಾಗುತ್ತ ಬಂದಿವೆ. ಈ ವಿಚಿತ್ರಕ್ಕೆ ಒಂದು ಇತಿಹಾಸವಿದೆ.

ಪೆಟ್ಟಿಗೆಯಲ್ಲಿ ಬಂದ ಕಾರು

ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸುವ ‘ಕಿಟ್ ಕಾರು’ ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಸಿದ್ಧ ಕಾರಿನ ಮೇಲೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳ ಕಟ್ಟಿಗೆ ಇರಲಿಲ್ಲ. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ‘ಲೋಟಸ್ ಸೆವೆನ್’ ಹೀಗೆಯೇ ಜನಪ್ರಿಯವಾಯಿತು. ಕಿಟ್ಟಿನ ಜೊತೆ ಜೋಡಣೆಯ ಸೂಚನೆ ಕೊಡುವಂತಿರಲಿಲ್ಲವಾದ್ದರಿಂದ ಕಂಪೆನಿ ‘ಬಿಚ್ಚುವ ಸೂಚನೆ’ ಕೊಡುತ್ತಿತ್ತು, ಗಿರಾಕಿ ಅದನ್ನು ಹಿಂದುಮುಂದಾಗಿ ಓದಿಕೊಳ್ಳುತ್ತಿದ್ದ ಎಂಬ ಕಥೆ ಇಂದಿಗೂ ಪ್ರಚಲಿತ. 1973ರಲ್ಲಿ ಹೊಸ ತೆರಿಗೆ ಪದ್ಧತಿ ಬಂದಾಗ ಈ ಲಾಭ ಹೋಯಿತು, ಹವ್ಯಾಸ ಮಾತ್ರ ಉಳಿಯಿತು.

ಬ್ರಿಟಿಷ್ ಸರ್ಕಾರ ಈ ಹವ್ಯಾಸವನ್ನು ನಿಷೇಧಿಸುವ ಬದಲು ಅದಕ್ಕೊಂದು ಪರೀಕ್ಷೆ ರೂಪಿಸಿತು. 1998ರಲ್ಲಿ ಒಂಟಿ ವಾಹನದ ತಪಾಸಣೆ ಆರಂಭವಾಗಿ, 2009ರಲ್ಲಿ ಇನ್ನಷ್ಟು ಬಿಗಿಯಾಯಿತು. ಬ್ರೇಕು, ದೀಪ, ಕನ್ನಡಿ, ಸೀಟು ಬೆಲ್ಟು, ಹೊಗೆ, ಸದ್ದು ಎಲ್ಲಕ್ಕೂ ಅಳತೆಯುಂಟು. 100 ಮಿಲಿಮೀಟರ್ ವ್ಯಾಸದ ಚೆಂಡು ಕಾರಿನ ಹೊರಮೈಯಲ್ಲಿ ಎಲ್ಲೆಲ್ಲಿ ತಾಗುತ್ತದೋ ಅಲ್ಲಿನ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯಕ್ಕೆ ಉರುಟಾಗಿರಬೇಕು. ಡಿಕ್ಕಿಯಾದರೆ ಪಾದಚಾರಿಯ ಮೈ ಸೀಳಬಾರದು ಎಂಬುದು ಉದ್ದೇಶ. ಆದ್ದರಿಂದ ಕಾರು ಕಟ್ಟಿದವರು ತಪಾಸಣೆಗೆ ಮುನ್ನ ವಾರಗಟ್ಟಲೆ ಅರ ಹಿಡಿದು ಅಂಚು ಉಜ್ಜುತ್ತಾರೆ, ನಟ್ಟುಗಳಿಗೆ ಟೋಪಿ ಹಾಕುತ್ತಾರೆ.

ಇನ್‌ಸ್ಪೆಕ್ಟರರ ಕಣ್ಣು

ನಮ್ಮಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. 1939ರ ಕಾಯ್ದೆ ವಾಹನದ ರಚನೆಯ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ವಾಹನ ದೋಷಪೂರಿತವಾಗಿದ್ದರೆ ನೋಂದಣಿ ನಿರಾಕರಿಸುವ ಹಕ್ಕು ನೋಂದಣಾಧಿಕಾರಿಗಿತ್ತು. ಎಂದರೆ, ಬಹುಮಟ್ಟಿಗೆ ಎದುರಿಗೆ ನಿಂತ ವಾಹನವೊಂದೇ ವಿಚಾರಣೆಗೆ ಒಳಗಾಗುತ್ತಿತ್ತು.

ಆ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ‘ಮೀರಾ’ ಎಂಬ ಪುಟ್ಟ ಕಾರು ಕಟ್ಟಿದರು. 1940ರ ದಶಕದ ಕೊನೆಯಲ್ಲಿ ಮೊದಲ ಮಾದರಿ ಸಿದ್ಧವಾಯಿತು. 1970ರ ದಶಕದವರೆಗೂ ಅದನ್ನು ತಿದ್ದುತ್ತಲೇ ಹೋದರು. ಹೆಚ್ಚು ಓದದ ಈ ಕುಶಲಿಯ ಕಾರು ಓಡಿತು, ಆದರೆ ಕಾರ್ಖಾನೆಯ ಉತ್ಪಾದನೆಗೆ ಏರಲೇ ಇಲ್ಲ. ಬೆಂಗಳೂರಿನಲ್ಲಿ ಸಿಪಾನಿ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ‘ಕಿಟನ್’ ಕಾರನ್ನು ಆಧರಿಸಿ, ಫೈಬರ್ ಗಾಜಿನ ಮೈಯುಳ್ಳ ‘ಡಾಲ್ಫಿನ್’ ಕಾರನ್ನು 1982ರಲ್ಲಿ ತಂದಿತು. ಅದರ ಹಿಂದೆ ಕಾರ್ಖಾನೆಯ ಬಲವಿತ್ತು.

1988ರ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ಚಿತ್ರ ಬದಲಾಯಿತು. ವಾಹನ ರಚನೆಯ ನಿಯಮಗಳು ಕೇಂದ್ರದ ಕೈಗೆ ಹೋದವು. ಕೇಂದ್ರ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕರು ತಮ್ಮ ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಆ ಮಾದರಿ ಪಾಸಾದರೆ ಅದೇ ಅಚ್ಚಿನ ಸಾವಿರಾರು ವಾಹನಗಳಿಗೆ ದಾರಿ ತೆರೆಯುತ್ತದೆ. ಖರ್ಚು ಸಾವಿರಾರು ಕಾರುಗಳ ಮೇಲೆ ಹಂಚಿಹೋದರೆ ಕಂಪೆನಿಗೆ ಭಾರವಾಗದು. ಒಂದೇ ಕಾರು ಕಟ್ಟುವವನಿಗೆ ಅದು ದಾಟಲಾಗದ ಗೋಡೆ.

ಲಾರಿಗೊಂದು ಬಾಗಿಲು

ಲಾರಿ, ಬಸ್ಸುಗಳ ವಿಷಯದಲ್ಲಿ ಕಾನೂನು ಒಂದು ಬಾಗಿಲು ತೆರೆದಿಟ್ಟಿತು. ಷಾಸಿ ಕಾರ್ಖಾನೆಯಿಂದ ಬರುತ್ತದೆ, ಬಾಡಿ ಬೇರೆಡೆ ಕಟ್ಟಲಾಗುತ್ತದೆ. ಅಲ್ಲಿಯವರೆಗೆ ತಾತ್ಕಾಲಿಕ ನೋಂದಣಿ. ಇದಕ್ಕೆ 1988ರ ಕಾಯ್ದೆ ಮೊದಲು ಒಂದು ತಿಂಗಳ ಅವಧಿ ಕೊಟ್ಟಿತ್ತು. ಬಾಡಿ ಕೆಲಸ ಮುಗಿಯದಿದ್ದರೆ ಅವಧಿ ವಿಸ್ತರಿಸಬಹುದೆಂದೂ ಹೇಳಿತ್ತು. ‘22-ಎ’ ನಮೂನೆಯಲ್ಲಿ ಎರಡು ಭಾಗಗಳಿವೆ. ಒಂದಕ್ಕೆ ಷಾಸಿ ತಯಾರಕರ ಸಹಿ, ಇನ್ನೊಂದಕ್ಕೆ ಬಾಡಿ ಕಟ್ಟಿದವರ ಸಹಿ. ಎಂಜಿನ್, ಬ್ರೇಕು, ಸ್ಟಿಯರಿಂಗಿನ ಹೊಣೆ ಕಾರ್ಖಾನೆಯದು. ಷಾಸಿಯ ಮೇಲಿನ ಮರ, ತಗಡುಗಳ ಹೊಣೆ ಕಟ್ಟಿದ ಕೈಯದು.

ಬಾಡಿಗೆ ಓಡುವ ವಾಹನ ಆಮೇಲೂ ಕಾಲಕಾಲಕ್ಕೆ ‘ಎಫ್.ಸಿ.’ಗೆ ಬರಲೇಬೇಕು. ಅದರ ಸಿದ್ಧತೆ ಲಾರಿ ಮಾಲೀಕರಿಗೆ ಹಬ್ಬದ ಸಡಗರವೂ ಹೌದು, ಖರ್ಚಿನ ಬರೆಯೂ ಹೌದು. ಬ್ರೇಕ್ ಲೈನಿಂಗ್ ಬದಲಿಸುವುದು, ಸ್ಟಿಯರಿಂಗಿನ ಸಡಿಲ ತೆಗೆಯುವುದು, ಸವೆದ ಟೈರು ಕಳಚುವುದು, ದೀಪಗಳ ಕೋನ ಸರಿಪಡಿಸುವುದು, ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸುವುದು, ಕೊನೆಗೆ ಬಣ್ಣ. ಬಸ್ಸು, ಲಾರಿಗಳ ಬಾಡಿಗೂ ಸಂಹಿತೆಗಳು ಬಂದ ಮೇಲೆ ಈ ಬಾಗಿಲು ಕೂಡ ಕಿರಿದಾಗುತ್ತಿದೆ.

ಮುರಿದ ಅಚ್ಚು ಹೇಳಿದ್ದು

ಇಷ್ಟು ಬಿಗಿ ಏಕೆ ಎಂದು ಕೇಳುವವರು ಕೊಟ್ಟೂರನ್ನು ನೆನೆಯಬೇಕು. 2017ರ ಫೆಬ್ರುವರಿಯಲ್ಲಿ ಗುರುಬಸವೇಶ್ವರ ಸ್ವಾಮಿಯ ತೇರು ಅಚ್ಚು ಮುರಿದು ಜನರ ನಡುವೆ ಉರುಳಿತು, ಹಲವರು ಗಾಯಗೊಂಡರು. ತೇರು ಕೂಡ ಕೈಯಿಂದ ಕಟ್ಟಿದ ವಾಹನವೇ. ಭಕ್ತಿಯಾಗಲಿ, ಕೌಶಲದ ಹೆಮ್ಮೆಯಾಗಲಿ ಅಚ್ಚಿನೊಳಗಿನ ದೌರ್ಬಲ್ಯವನ್ನು ಕಾಣಿಸದು. ಬೀದಿಯಲ್ಲಿ ನಿಂತವನ ಪ್ರಾಣ ಕಟ್ಟಿದವನ ಆತ್ಮವಿಶ್ವಾಸದ ಮೇಲೆ ನಿಲ್ಲಬಾರದು.

ಆದರೆ ಪರೀಕ್ಷೆ ಬೇರೆ, ಬಾಗಿಲು ಮುಚ್ಚುವುದು ಬೇರೆ. 2021ರ ಡಿಸೆಂಬರಿನಲ್ಲಿ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕುಶಲಕರ್ಮಿಯೊಬ್ಬರು ಸುಮಾರು 60,000 ರೂಪಾಯಿ ಖರ್ಚಿನಲ್ಲಿ, ಗುಜರಿ ಸಾಮಗ್ರಿಯಿಂದ ಕಟ್ಟಿದ ಕಾರು ದೇಶದ ಗಮನ ಸೆಳೆಯಿತು. ಬೈಕಿನಂತೆ ಕಿಕ್ ಹೊಡೆದು ಅದನ್ನು ಚಾಲೂ ಮಾಡಬೇಕು. ಅದು ನಿಯಮಗಳಿಗೆ ಹೊಂದದು ಎಂದೇ ಹೇಳಿದ ಉದ್ಯಮಿ ಆನಂದ್ ಮಹೀಂದ್ರ, ಆ ಕಾರಿಗೆ ಬದಲಾಗಿ ಬೊಲೆರೊ ಕೊಡಿಸಿದರು. ಮೆಚ್ಚುಗೆ ಸಿಕ್ಕಿತು, ನಂಬರು ಸಿಗುವ ಮಾತಿರಲಿಲ್ಲ.

ಒಂಟಿ ಕಾರನ್ನು ಪರೀಕ್ಷಿಸುವ ವಿದ್ಯೆ ನಮ್ಮಲ್ಲಿಲ್ಲವೇ? ಇದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ’ ತಂಡದ ವಿದ್ಯಾರ್ಥಿಗಳು 2003ರಿಂದ ರೇಸಿನ ಕಾರು ಕಟ್ಟುತ್ತಿದ್ದಾರೆ. ಇಂಥ ಸ್ಪರ್ಧೆಗಳಲ್ಲಿ ಕಾರನ್ನು 60 ಡಿಗ್ರಿ ಓರೆ ಮಾಡಿದರೂ ಇಂಧನ ಸೋರಬಾರದು, ಬ್ರೇಕು ಒತ್ತಿದರೆ ನಾಲ್ಕೂ ಚಕ್ರ ಕಚ್ಚಿ ನಿಲ್ಲಬೇಕು, ಚಾಲಕ ಐದು ಸೆಕೆಂಡುಗಳೊಳಗೆ ಹೊರಬರಬೇಕು. ಇದನ್ನೆಲ್ಲ ಗೆದ್ದ ಕಾರೂ ರೇಸಿನ ಅಂಗಳ ಬಿಟ್ಟು ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ.

ಕಾರ್ಖಾನೆಯ ಷಾಸಿಯ ಮೇಲೆ ಕೈಕೆಲಸವನ್ನು ಒಪ್ಪಿದ ಕಾನೂನಿಗೆ, ಇಡೀ ವಾಹನವನ್ನೇ ಕಟ್ಟುವ ಕೈಗೂ ಒಂದು ಕಠಿಣ ಪರೀಕ್ಷೆ ಇಡುವುದು ಅಸಾಧ್ಯವೇನಲ್ಲ. ಫೇಲಾದರೆ ಎಲ್ಲಿ ತಪ್ಪಿದೆ ಎಂಬುದಾದರೂ ಕಟ್ಟಿದವನಿಗೆ ತಿಳಿದೀತು. ಈಗ ಅವನಿಗೆ ಫೇಲಾಗುವ ಅವಕಾಶವೂ ಇಲ್ಲ.