ಖರೀದಿಸಿ ಮುಗಿಯದ ವಿಮಾನ

2025ರ ಜೂನ್ 14ರ ರಾತ್ರಿ ಬ್ರಿಟನ್ನಿನ ಒಂದು ಎಫ್-35ಬಿ ಯುದ್ಧವಿಮಾನ ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ತುರ್ತಾಗಿ ಇಳೀತು. ಸಮುದ್ರದಲ್ಲಿದ್ದ ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್ ಅನ್ನೋ ನೌಕೆಗೆ ವಾಪಸ್ ಹೋಗೋಕೆ ಹವಾಮಾನ ಬಿಡಲಿಲ್ಲ, ಇಂಧನವೂ ಕಡಿಮೆಯಾಗಿತ್ತು. ಸರಿ, ಇಂಧನ ತುಂಬಿಸಿಕೊಂಡು ಹೊರಡಬೇಕು ಅನ್ನುವಷ್ಟರಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಕೈಕೊಡ್ತು. ರಡಾರ್ ಕಣ್ಣಿಗೇ ಬೀಳದ ವಿಮಾನ ಮೂರು ವಾರ ಮುಂಗಾರು ಮಳೆಯಲ್ಲಿ ನೆನೆಯುತ್ತಾ, ಸಿಐಎಸ್‌ಎಫ್ ಜವಾನರ ಕಾವಲಿನಲ್ಲಿ, ಎಲ್ಲರ ಕಣ್ಣಿಗೂ ಬೀಳುತ್ತಾ ನಿಂತಿತ್ತು. ಕೇರಳ ಪ್ರವಾಸೋದ್ಯಮದವರು ಅದನ್ನೇ ಜಾಹೀರಾತು ಮಾಡಿಕೊಂಡರು. ನಾವು ಟಿವಿಯವರು ಬಿಡ್ತೀವಾ? ಗ್ರಾಫಿಕ್ಸ್ ಮೇಲೆ ಗ್ರಾಫಿಕ್ಸ್. ಬ್ರಿಟನ್ನಿನಿಂದ ತಂತ್ರಜ್ಞರ ತಂಡ ಬಂದು ರಿಪೇರಿ ಮಾಡಿ, ಜುಲೈ 22ಕ್ಕೆ ಅದು ಹಾರಿಹೋಯಿತು.

ಆ ಐದು ವಾರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಅದಕ್ಕೆ ಎಷ್ಟು ದುಡ್ಡು? ಪರದೆಯ ಮೇಲೆ ಒಂದು ದೊಡ್ಡ ಅಂಕಿ ಹಾಕಿಬಿಡೋದು ಸುಲಭ. ಆದರೆ ಈ ವಿಮಾನದ ಕಥೆಯಲ್ಲಿ ಅಮೆರಿಕದ ಸಂಸತ್ತನ್ನೇ ಪದೇ ಪದೇ ಯಾಮಾರಿಸಿರೋದು ಆ ಒಂದು ಅಂಕಿ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಶೀತಲ ಸಮರ ಮುಗಿದಿತ್ತು. 1990ರ ದಶಕದ ಅಮೆರಿಕದಲ್ಲಿ ರಕ್ಷಣಾ ಬಜೆಟ್ಟಿಗೆ ಕತ್ತರಿ ಬೀಳುತ್ತಿತ್ತು. ವಾಯುಪಡೆಗೆ ಒಂದು ವಿಮಾನ, ನೌಕಾಪಡೆಗೆ ಇನ್ನೊಂದು, ಮರೀನ್ ಪಡೆಗೆ ಮತ್ತೊಂದು ಯಾಕೆ? ಮೂವರಿಗೂ ಒಂದೇ ವಿಮಾನ ಮಾಡಿದರೆ ಬಿಡಿಭಾಗ ಒಂದೇ, ತರಬೇತಿ ಒಂದೇ, ಖರ್ಚು ಕಡಿಮೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಇದೇ ಮಾತನ್ನು 1960ರ ದಶಕದಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರ ಕೂಡ ಹೇಳಿದ್ದರು. ಆಗ ಹುಟ್ಟಿದ್ದು ಎಫ್-111. ನೌಕಾಪಡೆಯ ಮಾದರಿ ಎಷ್ಟು ಭಾರವಾಯಿತೆಂದರೆ 1968ರಲ್ಲಿ ಅದನ್ನು ಕೈಬಿಡಬೇಕಾಯಿತು. ಮೂವತ್ತು ವರ್ಷಕ್ಕೆ ಆ ಪಾಠ ಮರೆತುಹೋಗಿತ್ತು.

ಬೋಯಿಂಗ್ ಮತ್ತು ಲಾಕ್‌ಹೀಡ್ ಮಾರ್ಟಿನ್ ನಡುವೆ ಸ್ಪರ್ಧೆ. 2001ರ ಜುಲೈ 20ರಂದು ಲಾಕ್‌ಹೀಡ್‌ನ ಎಕ್ಸ್-35ಬಿ ಒಂದೇ ಹಾರಾಟದಲ್ಲಿ ಚಿಕ್ಕ ಓಟಕ್ಕೆ ಮೇಲೆದ್ದು, ಶಬ್ದದ ವೇಗ ದಾಟಿ, ಹೆಲಿಕಾಪ್ಟರ್ ಥರ ನೇರವಾಗಿ ಕೆಳಗಿಳಿಯಿತು. ಅಲ್ಲಿಗೆ ಸ್ಪರ್ಧೆ ಅರ್ಧ ಮುಗಿದ ಹಾಗೇ. ಅಕ್ಟೋಬರ್ 26ಕ್ಕೆ ಲಾಕ್‌ಹೀಡ್ ಗೆದ್ದಿತು. ಆವತ್ತಿನ ಲೆಕ್ಕ: 2,866 ವಿಮಾನ, 23,300 ಕೋಟಿ ಡಾಲರ್.

ಮೂರು ಮಾದರಿ. ವಾಯುಪಡೆಗೆ ಮಾಮೂಲಿ ರನ್‌ವೇಯಿಂದ ಹಾರೋ ಎ. ಮರೀನ್ ಪಡೆಗೆ ನೇರವಾಗಿ ಇಳಿಯೋ ಬಿ. ನೌಕಾಪಡೆಯ ದೊಡ್ಡ ಹಡಗುಗಳಿಗೆ ಅಗಲ ರೆಕ್ಕೆಯ ಸಿ. ಇವುಗಳಲ್ಲಿ ಹಠಮಾರಿ ಮಗು ಅಂದ್ರೆ ಬಿ. ಪೈಲಟ್ ಬೆನ್ನ ಹಿಂದೆ ಒಂದು ದೊಡ್ಡ ಫ್ಯಾನು, ಅದನ್ನು ತಿರುಗಿಸೋಕೆ ಎಂಜಿನ್‌ನಿಂದ ಒಂದು ಶಾಫ್ಟು. ನೇರವಾಗಿ ಇಳಿಯುವಾಗ ರೆಕ್ಕೆಯ ಸಹಾಯ ಇರೋದಿಲ್ಲ. ಇಡೀ ಭಾರವನ್ನು ಎಂಜಿನ್ನೇ ಹೊರಬೇಕು. ಒಂದೊಂದು ಕಿಲೋವೂ ಲೆಕ್ಕ. 2004ರಲ್ಲಿ ತೂಕ ಹಾಕಿ ನೋಡಿದರೆ ಸಾವಿರ ಕಿಲೋಗೂ ಹೆಚ್ಚು ಜಾಸ್ತಿ!

ಕೆಲಸ ನಿಲ್ಲಿಸಿ ವಿಮಾನದ ಕೊಬ್ಬು ಕರಗಿಸೋಕೆ ಕೂತರು. ಶಸ್ತ್ರಾಸ್ತ್ರ ಇಡೋ ಒಳಗಿನ ಜಾಗ ಕಿರಿದಾಯಿತು. ಹಾಗಾಗಿ ಎ ಮತ್ತು ಸಿ ಹೊಟ್ಟೆಯೊಳಗೆ 2,000 ಪೌಂಡಿನ ಬಾಂಬ್ ಹಿಡಿಸಿದರೆ, ಬಿಗೆ 1,000 ಪೌಂಡಿನದ್ದೇ ಗತಿ. ಮೈಕಟ್ಟನ್ನು ಹಿಡಿದಿಡೋ ಅಡ್ಡ ಚೌಕಟ್ಟುಗಳಿವೆಯಲ್ಲ, ಅದರಲ್ಲಿ ಟೈಟಾನಿಯಂ ತೆಗೆದು ಹಗುರವಾದ ಅಲ್ಯೂಮಿನಿಯಂ ಹಾಕಿದರು. ತೂಕ ಇಳೀತು, ಎಲ್ಲರೂ ಉಸಿರು ಬಿಟ್ಟರು. 2010ರಲ್ಲಿ ಬಾಳಿಕೆ ಪರೀಕ್ಷೆ ಮಾಡುವಾಗ ಆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಬಿರುಕು ಕಾಣಿಸಿತು. ಮುಂದೆ ಪೆಂಟಗನ್‌ನ ಪರೀಕ್ಷಾ ವಿಭಾಗವೇ ಬರೆಯಿತು: 8,000 ಗಂಟೆ ಹಾರಬೇಕಿದ್ದ ಆರಂಭದ ಬಿ ವಿಮಾನಗಳ ಆಯಸ್ಸು 2,100 ಗಂಟೆಗೇ ಮುಗಿಯಬಹುದು. 2004ರಲ್ಲಿ ಉಳಿಸಿದ ಕಿಲೋಗಳಿಗೆ ಬಿಲ್ ಬಂದದ್ದು ಹದಿನಾಲ್ಕು ವರ್ಷ ಬಿಟ್ಟು.

ಇನ್ನೊಂದು ಎಡವಟ್ಟು ಗೊತ್ತಾ? ಪರೀಕ್ಷೆ ಮುಗಿಯೋ ಮೊದಲೇ ಉತ್ಪಾದನೆ ಶುರು. ಮೊದಲ ಎಫ್-35 ಹಾರಿದ್ದು 2006ರ ಡಿಸೆಂಬರ್ 15ಕ್ಕೆ. ಮರುವರ್ಷವೇ ಉತ್ಪಾದನೆಯ ಮೊದಲ ಗುತ್ತಿಗೆ. ಅಭಿವೃದ್ಧಿ ಹಂತದ ಹಾರಾಟ ಪರೀಕ್ಷೆ ಮುಗಿದದ್ದು 2018ರ ಏಪ್ರಿಲ್‌ನಲ್ಲಿ! ಮನೆಯ ಪ್ಲಾನ್ ಪಾಸಾಗೋ ಮೊದಲೇ ಮೂರು ಮಹಡಿ ಕಟ್ಟಿ, ಆಮೇಲೆ ಪಿಲ್ಲರ್ ಬದಲಾಯಿಸೋದು ಅಂತಾರಲ್ಲ, ಹಾಗೆ. ಪರೀಕ್ಷೆಯಲ್ಲಿ ದೋಷ ಸಿಕ್ಕಿದಾಗಲೆಲ್ಲ ಆಗಲೇ ಕೊಟ್ಟ ವಿಮಾನಗಳನ್ನು ವಾಪಸ್ ತಂದು ಬಿಚ್ಚಬೇಕು. 2010ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಯೋಜನೆಯ ಮುಖ್ಯಸ್ಥರಾಗಿದ್ದ ಜನರಲ್‌ನನ್ನೇ ಕಿತ್ತುಹಾಕಿದರು, ಲಾಕ್‌ಹೀಡ್‌ಗೆ ಕೊಡಬೇಕಿದ್ದ 61.4 ಕೋಟಿ ಡಾಲರ್ ತಡೆಹಿಡಿದರು. 2012ರಲ್ಲಿ ಪೆಂಟಗನ್‌ನ ಖರೀದಿ ವಿಭಾಗದ ಫ್ರಾಂಕ್ ಕೆಂಡಲ್, ಹಾರಿಸಿ ನೋಡೋ ಮೊದಲೇ ಉತ್ಪಾದನೆಗಿಳಿದದ್ದನ್ನು ವೈದ್ಯರು ತಪ್ಪು ಚಿಕಿತ್ಸೆ ಕೊಟ್ಟಾಗ ಬಳಸೋ ಪದದಲ್ಲೇ ಕರೆದರು. ಆ ಹೊತ್ತಿಗೆ ಲೆಕ್ಕ 39,570 ಕೋಟಿ ಡಾಲರ್. ವಿಮಾನಗಳ ಸಂಖ್ಯೆ ಮಾತ್ರ 2,457ಕ್ಕೆ ಇಳಿದಿತ್ತು. ದುಡ್ಡು ಜಾಸ್ತಿ, ಸಾಮಾನು ಕಡಿಮೆ. ಮೂರಕ್ಕೂ ಒಂದೇ ಬಿಡಿಭಾಗ ಅನ್ನೋ ಮೂಲ ಕನಸು ಏನಾಯ್ತು? ಮೂರೂ ಮಾದರಿಗಳಲ್ಲಿ ಸಮಾನವಾಗಿ ಉಳಿದಿರೋದು ಶೇಕಡಾ 20ರಿಂದ 25 ಮಾತ್ರ ಅಂತ 2016ರಲ್ಲಿ ಯೋಜನೆಯ ಮುಖ್ಯಸ್ಥ ಜನರಲ್ ಬಾಗ್ಡನ್ ಅವರೇ ಒಪ್ಪಿಕೊಂಡರು.

ಹಾಗಂತ ಇದು ಕೆಟ್ಟ ವಿಮಾನ ಅಂತ ನಾನು ಹೇಳಲ್ಲ. ಇಸ್ರೇಲ್ 2025ರ ಜೂನ್‌ನಲ್ಲಿ ಇರಾನಿನ ಆಕಾಶದಲ್ಲಿ ಇದನ್ನು ಬಳಸಿದ್ದನ್ನು ಜಗತ್ತು ನೋಡಿದೆ. ಸಾವಿರಕ್ಕೂ ಹೆಚ್ಚು ವಿಮಾನ ಕಾರ್ಖಾನೆಯಿಂದ ಹೊರಬಂದಿವೆ. ಬೆಲೆಯೂ ಇಳಿದಿತ್ತು. 2019ರ ಒಪ್ಪಂದದಲ್ಲಿ ಒಂದು ಎಫ್-35ಎಗೆ 8 ಕೋಟಿ ಡಾಲರಿಗಿಂತ ಕಡಿಮೆ. ಲಾಕ್‌ಹೀಡ್‌ನವರು ಇದನ್ನೇ ಡಂಗುರ ಸಾರಿದರು. ಅಂಗಡಿ ಬೆಲೆ ಅದು. ಸಾಕೋ ಖರ್ಚು ಎಷ್ಟು? ಅಮೆರಿಕದಲ್ಲಿ ನಮ್ಮ ಸಿಎಜಿ ಥರ ಜಿಎಒ ಅಂತ ಒಂದು ಸಂಸ್ಥೆ ಇದೆ. ಅದು 2024ರಲ್ಲಿ ಕೊಟ್ಟ ಲೆಕ್ಕದಂತೆ, ಅಮೆರಿಕದ ಎಫ್-35ಗಳನ್ನು 2088ರವರೆಗೆ ಸಾಕೋ ಖರ್ಚೇ 1.58 ಲಕ್ಷ ಕೋಟಿ ಡಾಲರ್. 2018ರಲ್ಲಿ ಇದೇ ಅಂದಾಜು 1.1 ಲಕ್ಷ ಕೋಟಿ ಇತ್ತು. ಖರೀದಿಯನ್ನೂ ಸೇರಿಸಿದರೆ 2 ಲಕ್ಷ ಕೋಟಿ ಡಾಲರ್ ದಾಟುತ್ತೆ. ಡಾಲರಿಗೆ 85 ರೂಪಾಯಿ ಅಂದುಕೊಂಡರೂ 170 ಲಕ್ಷ ಕೋಟಿ ರೂಪಾಯಿ. ನಮ್ಮ ಕೇಂದ್ರ ಸರ್ಕಾರದ ಇಡೀ ವರ್ಷದ ಬಜೆಟ್ ಸುಮಾರು 50 ಲಕ್ಷ ಕೋಟಿ. ಇಷ್ಟು ಸುರಿದ ಮೇಲೂ 2023ರ ಮಾರ್ಚ್‌ನಲ್ಲಿ ಹಾರೋಕೆ ಸಿದ್ಧವಾಗಿದ್ದವು ನೂರಕ್ಕೆ ಸುಮಾರು 55 ಮಾತ್ರ. ತಿರುವನಂತಪುರದಲ್ಲಿ ನಿಂತದ್ದನ್ನು ನೋಡಿ ನಕ್ಕೆವಲ್ಲ, ಅಂಥ ನಿಲುಗಡೆ ಅಮೆರಿಕನ್ನರಿಗೆ ದಿನನಿತ್ಯದ ವಿಷಯ.

ಈಗ ನವೀಕರಣದ ವಿಷಯ. ಎಂಜಿನಿಯರಿಂಗ್ ಓದಿದವರಿಗೆ ಇದೇ ಇಡೀ ಕಥೆಯ ರುಚಿಯಾದ ಭಾಗ. ಎಫ್-35 ಅಂದ್ರೆ ಹಾರೋ ಕಂಪ್ಯೂಟರ್. 80 ಲಕ್ಷಕ್ಕೂ ಹೆಚ್ಚು ಸಾಲು ಸಾಫ್ಟ್‌ವೇರ್ ಅದರೊಳಗಿದೆ. ಕಂಪ್ಯೂಟರ್ ಕೆಲಸ ಮಾಡಿದರೆ ಬಿಸಿಯಾಗುತ್ತೆ, ಮೊಬೈಲ್ ಹಿಡಿದ ಎಲ್ಲರಿಗೂ ಗೊತ್ತು. ಎಫ್-35 ತನ್ನ ಎಲೆಕ್ಟ್ರಾನಿಕ್ಸನ್ನು ತಂಪಾಗಿಡೋಕೆ ಎಂಜಿನ್‌ನಿಂದಲೇ ಒತ್ತಡದ ಗಾಳಿ ಎಳೆದುಕೊಳ್ಳುತ್ತೆ. ಮೊದಲ ವಿನ್ಯಾಸದಲ್ಲಿ ತಂಪು ಮಾಡೋಕೆ ಅಂತ ಇಟ್ಟದ್ದು 14 ಕಿಲೋವ್ಯಾಟ್ ಆಸುಪಾಸು. ರಡಾರ್, ಸೆನ್ಸರ್, ಪ್ರೊಸೆಸರ್ ಸೇರುತ್ತಾ ಹೋದ ಹಾಗೆ ಬೇಕಾದದ್ದು ಅದರ ಎರಡರಷ್ಟು. ಒಂದು ಬಲ್ಬು, ಒಂದು ಫ್ಯಾನಿಗೆ ಅಂತ ಎಳೆದ ವೈರಿಗೆ ಗೀಸರ್, ಎಸಿ, ಇಂಡಕ್ಷನ್ ಸ್ಟವ್ ಎಲ್ಲ ಸಿಕ್ಕಿಸಿದ ಹಾಗೆ.

ಎರಡು ದಾರಿ ಇದ್ದವು. ತಂಪು ಮಾಡೋ ವ್ಯವಸ್ಥೆಯನ್ನೇ ಹೊಸದಾಗಿ ಮಾಡಬೇಕು, ಇಲ್ಲಾ ಎಂಜಿನ್‌ನಿಂದ ಇನ್ನೂ ಹೆಚ್ಚು ಗಾಳಿ ಎಳೀಬೇಕು. ಆಗಲೇ ತಡವಾಗಿತ್ತು, ದುಡ್ಡೂ ಮೀರಿತ್ತು, ಎರಡನೇ ದಾರಿ ಹಿಡಿದರು. ಗಾಳಿ ಕಳೆದುಕೊಂಡ ಎಂಜಿನ್ ಅಷ್ಟೇ ಬಲ ಕೊಡೋಕೆ ಇನ್ನಷ್ಟು ಕಾಯಬೇಕು. ಕಾದಷ್ಟೂ ಬೇಗ ಸವೆಯುತ್ತೆ. ಇದೊಂದರಿಂದಲೇ ವಿಮಾನಗಳ ಜೀವಮಾನದಲ್ಲಿ 3,800 ಕೋಟಿ ಡಾಲರ್ ಹೆಚ್ಚುವರಿ ಹೊರೆ ಅಂತ ಜಿಎಒ ಲೆಕ್ಕ ಹಾಕಿದೆ.

ಇದಕ್ಕೆ ಮದ್ದಾಗಿ ಹೊಚ್ಚ ಹೊಸ ಎಂಜಿನ್ ಕೂಡ ಸಿದ್ಧವಾಗುತ್ತಿತ್ತು. ಹಾರಾಟಕ್ಕೆ ತಕ್ಕಂತೆ ಗಾಳಿಯ ಹರಿವನ್ನು ತಾನೇ ಬದಲಿಸಿಕೊಳ್ಳೋ ಎಂಜಿನ್. 2023ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟು, ಈಗಿರೋ ಎಂಜಿನ್ನಿನ ಒಳಭಾಗವನ್ನಷ್ಟೇ ಸುಧಾರಿಸೋ ತೀರ್ಮಾನವಾಯ್ತು. ಕಾರಣ? ಖರ್ಚು, ಜೊತೆಗೆ ಅದು ಮೂರೂ ಮಾದರಿಗಳಿಗೆ ಹೊಂದೋದಿಲ್ಲ ಅನ್ನೋದು. ನೋಡಿ, ಮೂವರಿಗೂ ಒಂದೇ ಅನ್ನೋ 90ರ ದಶಕದ ಹಠ ಮತ್ತೆ ಬಾಗಿಲಿಗೆ ಅಡ್ಡ ನಿಂತಿತು. ಆಗ ವಾಯುಪಡೆಯ ಕಾರ್ಯದರ್ಶಿ ಯಾರು ಗೊತ್ತಾ? ಅದೇ ಫ್ರಾಂಕ್ ಕೆಂಡಲ್!

ಇನ್ನು ಬ್ಲಾಕ್-4. ಹೊಸ ರಡಾರ್, ಹೊಸ ಶಸ್ತ್ರಾಸ್ತ್ರ, ಹೊಸ ಎಲೆಕ್ಟ್ರಾನಿಕ್ ಯುದ್ಧ ವ್ಯವಸ್ಥೆ. 2018ರಲ್ಲಿ ಇದಕ್ಕೆ 1,060 ಕೋಟಿ ಡಾಲರ್ ಅಂದಿದ್ದರು, 2023ಕ್ಕೆ 1,650 ಕೋಟಿ ಆಯ್ತು. 2026ಕ್ಕೆ ಮುಗೀಬೇಕಿತ್ತು. ಈಗ ಪಟ್ಟಿಯಿಂದ ಕೆಲವನ್ನು ಕೈಬಿಟ್ಟ ಮೇಲೂ 2031 ಅಂತಾರೆ. ಇದಕ್ಕೆ ಅಡಿಪಾಯವಾಗಬೇಕಿದ್ದ ಹೊಸ ಕಂಪ್ಯೂಟರ್, ಟಿಆರ್-3, ಸರಿಹೋಗಲಿಲ್ಲ ಅಂತ 2023ರ ಜುಲೈನಿಂದ ಒಂದು ವರ್ಷ ಪೆಂಟಗನ್ ಹೊಸ ವಿಮಾನಗಳನ್ನು ತಗೊಳ್ಳಲೇ ಇಲ್ಲ. ಕಾರ್ಖಾನೆಯಿಂದ ಹೊರಬಂದವು ಸಾಲಾಗಿ ನಿಂತಿದ್ದವು. 2024ರ ಜುಲೈನಲ್ಲಿ ಮತ್ತೆ ತಗೊಂಡರು, ಅದೂ ತರಬೇತಿಗಷ್ಟೇ ಆಗೋ ಸಾಫ್ಟ್‌ವೇರ್ ಜೊತೆ. ಆ ವರ್ಷ ಒಪ್ಪಿಸಿದ 110 ವಿಮಾನಗಳೂ ಲೇಟು, ಸರಾಸರಿ 238 ದಿನ. ಹಬ್ಬಕ್ಕೆ ಹೇಳಿದ ಬಟ್ಟೆಯನ್ನು ಮುಂದಿನ ಹಬ್ಬಕ್ಕೆ ಕೊಡೋ ದರ್ಜಿಯ ಕಥೆ.

ನಮಗೇನು ಇದರಿಂದ ಅಂತೀರಾ? 2025ರ ಫೆಬ್ರವರಿಯಲ್ಲಿ ನಮ್ಮ ಯಲಹಂಕದ ಏರೋ ಇಂಡಿಯಾಕ್ಕೆ ಎಫ್-35 ಬಂದಿತ್ತು, ರಷ್ಯಾದ ಸು-57 ಕೂಡ ಬಂದಿತ್ತು. ಅದೇ ವಾರ ವಾಷಿಂಗ್ಟನ್ನಿನಲ್ಲಿ ಮೋದಿಯವರ ಪಕ್ಕದಲ್ಲೇ ನಿಂತು ಟ್ರಂಪ್, ಭಾರತಕ್ಕೆ ಎಫ್-35 ಕೊಡೋ ದಾರಿ ಮಾಡ್ತೀವಿ ಅಂದರು. ನಮ್ಮ ಸ್ಟುಡಿಯೋಗಳಲ್ಲಿ ಅವತ್ತೇ ಅದು ಹಾರಾಡಿಬಿಟ್ಟಿತು. ಟರ್ಕಿಯ ಕಥೆ ಯಾರಿಗೂ ನೆನಪಾಗಲಿಲ್ಲ. ಟರ್ಕಿ ಈ ಯೋಜನೆಯ ಪಾಲುದಾರ ದೇಶ, ವಿಮಾನದ ನೂರಾರು ಬಿಡಿಭಾಗ ಅಲ್ಲೇ ತಯಾರಾಗುತ್ತಿದ್ದವು. ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ತಂದದ್ದಕ್ಕೆ 2019ರ ಜುಲೈನಲ್ಲಿ ಅದನ್ನು ಹೊರಗೆ ಹಾಕಿದರು. ಅದೇ ಎಸ್-400 ಇವತ್ತು ನಮ್ಮ ಗಡಿ ಕಾಯ್ತಿದೆ. 2025ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಲೋಕಸಭೆಗೆ ಹೇಳಿತು: ಎಫ್-35 ಬಗ್ಗೆ ಇನ್ನೂ ಔಪಚಾರಿಕ ಮಾತುಕತೆಯೇ ನಡೆದಿಲ್ಲ.

ಅತ್ತ ಬೆಂಗಳೂರಿನ ಎಡಿಎ ನಮ್ಮದೇ ಸ್ಟೆಲ್ತ್ ವಿಮಾನ ಎಎಂಸಿಎ ರೂಪಿಸುತ್ತಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿದ 15,000 ಕೋಟಿ ರೂಪಾಯಿ ಇರೋದು ವಿನ್ಯಾಸಕ್ಕೆ ಮತ್ತು ಐದು ಮಾದರಿ ವಿಮಾನಗಳಿಗೆ. ನೌಕಾಪಡೆಗೆ ಬೇರೆಯದೇ ವಿಮಾನ, ಟಿಇಡಿಬಿಎಫ್, ಅಂತ ಯೋಚಿಸಿದ್ದಾರೆ. ಈ ಒಂದು ವಿಷಯದಲ್ಲಿ ನಮ್ಮವರು ಬುದ್ಧಿವಂತರು ಅಂತ ನನ್ನ ಅನಿಸಿಕೆ. ಮುಂದಿನ ಏರೋ ಇಂಡಿಯಾದಲ್ಲಿ ಎಡಿಎ ಮಳಿಗೆಗೆ ಮೈಕ್ ಹಿಡಿದು ಹೋದಾಗ ವೇಗ ಎಷ್ಟು, ಬೆಲೆ ಎಷ್ಟು ಅಂತ ಬೇರೆಯವರು ಕೇಳ್ತಾರೆ, ಕೇಳಲಿ. ತಂಪು ಮಾಡೋಕೆ ಎಷ್ಟು ಕಿಲೋವ್ಯಾಟ್ ಇಟ್ಟಿದ್ದೀರಿ, ಇಪ್ಪತ್ತು ವರ್ಷ ಬಿಟ್ಟು ಸೇರಿಸೋ ರಡಾರಿಗೂ ಅದು ಸಾಲುತ್ತಾ ಅಂತ ನಾನು ಕೇಳ್ತೀನಿ.