ಕೊಳವೆಯ ದಾರಿಯಲ್ಲೇ ಔಷಧಿ

ವೆಂಟಿಲೇಟರ್ ಮೇಲಿರುವ ರೋಗಿ ಕೆಮ್ಮಿ ಕಫ ಹೊರಹಾಕಲಾರ. ಗಂಟಲಿನ ಕೊಳವೆಯ ಪಕ್ಕದಿಂದ ಎಂಜಲು ಜಿನುಗಿ ಇಳಿಯುತ್ತದೆ, ಜೊತೆಗೆ ಬ್ಯಾಕ್ಟೀರಿಯಾವೂ. ಉಸಿರು ಉಳಿಸಲು ಹಾಕಿದ ಕೊಳವೆಯೇ ನ್ಯುಮೋನಿಯಾಕ್ಕೆ ಬಾಗಿಲು ತೆರೆಯುತ್ತದೆ. ರಕ್ತನಾಳಕ್ಕೆ ಕೊಟ್ಟ ಅಮಿಕಾಸಿನ್, ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಶ್ವಾಸಕೋಶ ಮುಟ್ಟುವುದು ಅಷ್ಟಕ್ಕಷ್ಟೇ. ಡೋಸ್ ಏರಿಸಿದರೆ ಪೆಟ್ಟು ಕಿಡ್ನಿಗೆ. ಹಾಗಿದ್ದ ಮೇಲೆ ಔಷಧಿಯನ್ನು ಉಸಿರಿನ ಜೊತೆಗೇ ಕಳಿಸಿದರಾಯಿತಲ್ಲ ಎಂಬ ಯೋಚನೆ ಹಳೆಯದೇ. 1940ರ ದಶಕದಲ್ಲೇ ಪೆನಿಸಿಲಿನ್ನನ್ನು ಮಂಜಾಗಿಸಿ ಉಸಿರಾಡಿಸಿ ನೋಡಿದ್ದರು.

ಮೊದಲ ಮುಖಭಂಗ ಬಾಸ್ಟನ್‌ನಲ್ಲಿ. ಅಲ್ಲಿನ ಐಸಿಯು ಒಂದರಲ್ಲಿ, ನ್ಯುಮೋನಿಯಾ ಬರುವ ಮುನ್ನವೇ, ರೋಗಿಗಳಿಗೆ ತಿಂಗಳುಗಟ್ಟಲೆ ಪಾಲಿಮಿಕ್ಸಿನ್ ಬಿ ಸಿಂಪಡಿಸಿದರು. 1975ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ನ್ಯುಮೋನಿಯಾ ಬಂದವರು ಕೆಲವರೇ. ಆದರೆ ಬಂದದ್ದು ಬಹುಪಾಲು ಆ ಔಷಧಿಗೆ ಜಗ್ಗದ ರೋಗಾಣುಗಳಿಂದ. ಪ್ರಯೋಗ ಮಾಡಿದವರೇ ಇದು ಅಪಾಯಕಾರಿ ಎಂದು ಬರೆದರು. ಆಮೇಲೆ ದಶಕಗಳ ಕಾಲ ಆ ಕಡೆ ತಲೆ ಹಾಕಿದವರು ಕಡಿಮೆ. 1997ರಲ್ಲಿ ಅಮೆರಿಕ ಉಸಿರಾಡುವ ಟೋಬ್ರಮೈಸಿನ್‌ಗೆ ಒಪ್ಪಿಗೆ ಕೊಟ್ಟದ್ದು ತಾವೇ ಉಸಿರಾಡುವ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ.

ವೆಂಟಿಲೇಟರ್‌ನ ಕಥೆಯೇ ಬೇರೆ. ಹನಿ 5 ಮೈಕ್ರಾನ್‌ಗಿಂತ ದಪ್ಪವಿದ್ದರೆ ಕೊಳವೆಯ ತಿರುವುಗಳಲ್ಲೇ ಅಂಟಿಕೊಳ್ಳುತ್ತದೆ. ತೇವದ ಗಾಳಿಯಲ್ಲಿ ಸಣ್ಣ ಹನಿಯೂ ಊದಿಕೊಳ್ಳುತ್ತದೆ. ಉಳಿದದ್ದರಲ್ಲಿ ಒಂದು ಪಾಲು ನಿಶ್ವಾಸದ ಜೊತೆ ಹೊರಬಂದು ಫಿಲ್ಟರ್ ಕಟ್ಟಿಸುತ್ತದೆ. ದ್ರಾವಣವನ್ನು ಮಂಜಾಗಿಸುವ ಹಳೆಯ ಜೆಟ್ ನೆಬ್ಯುಲೈಸರ್‌ನಲ್ಲಿ ಔಷಧಿಯ ಒಂದಂಶ ಬಟ್ಟಲಿನ ತಳದಲ್ಲೇ ಉಳಿದುಬಿಡುತ್ತಿತ್ತು. ಕಂಪಿಸುವ ಸಣ್ಣ ಜಾಲರಿಯ ನೆಬ್ಯುಲೈಸರ್ ಬಂದ ಮೇಲೆ ಈ ನಷ್ಟ ಇಳಿಯಿತು. ಪ್ಯಾರಿಸ್‌ನಲ್ಲಿ ಝಾನ್-ಝಾಕ್ ರೂಬಿಯವರ ತಂಡ ಹಂದಿಮರಿಗಳ ಶ್ವಾಸಕೋಶದಲ್ಲಿ ಔಷಧಿ ಎಷ್ಟು ಸೇರಿತೆಂದು ಅಳೆದು, ವೆಂಟಿಲೇಟರ್ ಸೆಟ್ಟಿಂಗ್‌ಗಳನ್ನೇ ತಿದ್ದಿಸಿತು. ಈ ಕ್ಷೇತ್ರದ ನಿಜವಾದ ಪ್ರಗತಿ ಔಷಧಿಯಲ್ಲಲ್ಲ, ಈ ಕೊಳವೆ ಕೆಲಸದಲ್ಲಿ ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ, ಬಂದ ನ್ಯುಮೋನಿಯಾವನ್ನು ವಾಸಿಮಾಡಲು ನಡೆದ ದೊಡ್ಡ ಪರೀಕ್ಷೆಗಳು ಕೈಕೊಟ್ಟವು. 2017ರಲ್ಲಿ ಅಮಿಕಾಸಿನ್-ಫಾಸ್ಫೋಮೈಸಿನ್ ಜೋಡಿ ಸೋತಿತು. 2020ರಲ್ಲಿ 725 ರೋಗಿಗಳ ‘ಇನ್‌ಹೇಲ್’ ಅಧ್ಯಯನದಲ್ಲಿ ಅಮಿಕಾಸಿನ್ ಪಡೆದವರೂ ಪಡೆಯದವರೂ ಹೆಚ್ಚುಕಡಿಮೆ ಸಮನಾಗಿ ಬದುಕುಳಿದರು. ಇದರಲ್ಲಿ ಅಚ್ಚರಿಯೇನಿಲ್ಲ: ಎರಡೂ ಗುಂಪಿಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಹೋಗುತ್ತಲೇ ಇತ್ತು. ಬೇರೆ ಯಾವ ಔಷಧಿಗೂ ಜಗ್ಗದ ಸೋಂಕಿಗಾದರೆ ಜೊತೆಗೆ ಉಸಿರಾಡುವ ಔಷಧಿಯನ್ನೂ ಕೊಡಿ ಎಂದು 2016ರ ಅಮೆರಿಕದ ಮಾರ್ಗಸೂಚಿ ಹೇಳಿತ್ತು. ಮರುವರ್ಷ ಯುರೋಪಿನ ತಜ್ಞರು ವಾಡಿಕೆಯಾಗಿ ಬೇಡ ಎಂದರು.

ನಮ್ಮ ದೇಶದ ಐಸಿಯುಗಳಲ್ಲಿ ಪ್ರಬಲ ಆ್ಯಂಟಿಬಯಾಟಿಕ್ ಆದ ಕಾರ್ಬಪೆನೆಮ್‌ಗೂ ಬಗ್ಗದ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಗಳು ಮಾಮೂಲಿ. ಹಾಗಾಗಿ ಕೊಲಿಸ್ಟಿನ್ ನೆಬ್ಯುಲೈಸೇಷನ್ ಇಲ್ಲಿ ಬರೀ ಪಾಂಡಿತ್ಯದ ಚರ್ಚೆಯಲ್ಲ. ಆದರೆ ಕೊಲಿಸ್ಟಿನ್ ಪುಡಿ ಕಲಸಿಟ್ಟು ಆಮೇಲೆ ಕೊಡಬಾರದು, ಆಗಲೇ ಕಲಸಿ ಆಗಲೇ ಕೊಡಬೇಕು. ಮೊದಲೇ ಕಲಸಿಟ್ಟ ದ್ರಾವಣ ಬಳಸಿದ ರೋಗಿಯೊಬ್ಬರು ತೀರಿಕೊಂಡ ಮೇಲೆ 2007ರಲ್ಲಿ ಅಮೆರಿಕದ ಎಫ್‌ಡಿಎ ಈ ಎಚ್ಚರಿಕೆ ಕೊಟ್ಟಿತು.

ನ್ಯುಮೋನಿಯಾ ಬರುವ ಮುನ್ನವೇ ತಡೆಯುವ, ಬಾಸ್ಟನ್ ಮುಚ್ಚಿದ ಬಾಗಿಲನ್ನು ಮತ್ತೆ ತಟ್ಟಿದವರು ಫ್ರೆಂಚರು. 19 ಐಸಿಯುಗಳಲ್ಲಿ, ಕನಿಷ್ಠ ಮೂರು ದಿನ ವೆಂಟಿಲೇಟರ್ ಮೇಲಿದ್ದ ಸುಮಾರು 850 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೊಮ್ಮೆಯಂತೆ ಬರೀ ಮೂರು ದಿನ ಅಮಿಕಾಸಿನ್ ಉಸಿರಾಡಿಸಿದರು. 2023ರಲ್ಲಿ ಬಂದ ಫಲಿತಾಂಶದಂತೆ 28 ದಿನಗಳೊಳಗೆ ನ್ಯುಮೋನಿಯಾ ಬಂದದ್ದು ಶೇ 15 ಮಂದಿಗೆ; ಔಷಧಿ ಸಿಗದವರಲ್ಲಿ ಶೇ 22. ವೆಂಟಿಲೇಟರ್ ಮೇಲೆ ಕಳೆದ ದಿನಗಳಲ್ಲಾಗಲಿ, ಸಾವಿನ ಲೆಕ್ಕದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.