ತಲಕಾವೇರಿಯ ಮಳೆ, ಕೋಲಾರದ ತೊಟ್ಟಿ

ತಲಕಾವೇರಿಯ ಮಳೆಗೂ ಕೋಲಾರದ ಚಿನ್ನಕ್ಕೂ ಏನು ನಂಟು? ಕೊಡಗಿನಲ್ಲಿ ಬೆಳೆದ ನನ್ನನ್ನು ಈ ಪ್ರಶ್ನೆ ಹಿಡಿದದ್ದು ಕಾವೇರಿಯ ಶಿವನಸಮುದ್ರ ಜಲವಿದ್ಯುತ್ ಕೇಂದ್ರದ ದಾಖಲೆಗಳನ್ನು ಓದುವಾಗ. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿ ಕೆಜಿಎಫ್ ಸೇರಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಅಷ್ಟೊಂದು ಅವಸರವೇನಿತ್ತು?

ಉತ್ತರ ಹುಡುಕುತ್ತಾ ಗಣಿ ಕಂಪನಿಗಳ ಉತ್ಪಾದನಾ ಲೆಕ್ಕಕ್ಕೆ ಇಳಿದೆ. ಅಲ್ಲಿ ಚಿನ್ನಕ್ಕೆ ಎರಡು ಬಾಬತ್ತು: ಗಿರಣಿಯಲ್ಲಿ ಸಿಕ್ಕಿದ್ದು, ಸೈನೈಡಿನಿಂದ ಬಂದದ್ದು. ನಾನು ಹೆಚ್ಚು ಹೊತ್ತು ನಿಂತದ್ದು ಎರಡನೆಯದರ ಮುಂದೆ.

ಗಿರಣಿ ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡುತ್ತಿತ್ತು. ದಪ್ಪ ಕಣಗಳನ್ನು ಪಾದರಸ ಸವರಿದ ತಾಮ್ರದ ತಗಡು ಹಿಡಿಯುತ್ತಿತ್ತು, ಸಣ್ಣವು ಮರಳಿನೊಂದಿಗೆ ಜಾರಿಹೋಗುತ್ತಿದ್ದವು. ಗ್ಲಾಸ್ಗೋದ ಜಾನ್ ಸ್ಟೀವರ್ಟ್ ಮ್ಯಾಕ್ ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಪೇಟೆಂಟ್ ಪಡೆದ ವಿಧಾನ ಅವನ್ನೂ ಕೈಗೆ ತಂದಿತು. ಮರಳು ತುಂಬಿದ ತೊಟ್ಟಿಗೆ ತೆಳು ಸೈನೈಡ್ ದ್ರಾವಣ, ಜೊತೆಗೆ ಗಾಳಿಯ ಆಮ್ಲಜನಕ: ಚಿನ್ನ ಕರಗಿ ಕಣ್ಮರೆ. ಮತ್ತೆ ಹೊರತೆಗೆಯಲು ಆ ದ್ರಾವಣವನ್ನು ಸತುವಿನ ಸಿಪ್ಪೆಗಳ ಮೇಲೆ ಹರಿಸಬೇಕು. ಸತು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಅದನ್ನು ಪಡೆದ ಚಿನ್ನ ಕಪ್ಪು ಕೆಸರಾಗಿ ಕೂರುತ್ತದೆ. ಆ ಕೆಸರನ್ನು ಆಮ್ಲದಲ್ಲಿ ತೊಳೆದು, ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿದರೆ ಚಿನ್ನದ ಗಟ್ಟಿ. ನನಗೆ ಬೆರಗೆನಿಸುವುದು ಇದು: ಚಿನ್ನ ಕರಗಲು ಬೇಕೇಬೇಕಾದ ಆಮ್ಲಜನಕ, ಹಿಡಿಯುವ ಹೊತ್ತಿಗೆ ಸತುವನ್ನು ವ್ಯರ್ಥಮಾಡುವ ಶತ್ರು. ಹೀಗಾಗಿ ದ್ರಾವಣದ ಗಾಳಿಯನ್ನು ಮೊದಲೇ ಹೀರಿ ತೆಗೆಯುವ ಉಪಾಯ ಮುಂದೆ ಅಮೆರಿಕದಲ್ಲಿ ಹುಟ್ಟಿತು.

ಶಿವನಸಮುದ್ರದ ವಿದ್ಯುತ್ತಿನಿಂದ ಓಡುತ್ತಿದ್ದ ಕುಟ್ಟುವ ಗಿರಣಿ ನಿಂತರೆ ತೊಟ್ಟಿಗೆ ಮರಳಿಲ್ಲ. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ವಿದ್ಯುತ್ತೂ ಸೊರಗುತ್ತಿತ್ತು. 1911ರಲ್ಲಿ ವಿಶ್ವೇಶ್ವರಯ್ಯನವರು ಕೈಗೆತ್ತಿಕೊಂಡ ಕನ್ನಂಬಾಡಿ ಕಟ್ಟೆಗೆ ನೀರಾವರಿಯಷ್ಟೇ ಅಲ್ಲ, ಗಣಿಗೆ ವರ್ಷವಿಡೀ ವಿದ್ಯುತ್ ಕೊಡುವುದೂ ಕಾರಣವಾಗಿತ್ತು. ಕಾವೇರಿ ಹುಟ್ಟುವ ಬ್ರಹ್ಮಗಿರಿಯ ಮುಂಗಾರು ಕೋಲಾರದ ಔನ್ಸಿನ ಲೆಕ್ಕಕ್ಕೆ ಸೇರಿದ್ದು ಹೀಗೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ತೊಟ್ಟಿಯಿಂದ ಹೊರಹಾಕಿದ ಮರಳಿನ ಸೈನೈಡ್ ಗುಡ್ಡಗಳು ಉಳಿದವು. ಗಾಳಿ ಬೀಸಿದಾಗ ಅವುಗಳ ದೂಳು ಕಾಲೊನಿಗಳ ಮನೆಯೊಳಗೆ ಬರುತ್ತದೆ. ಸೈನೈಡಿಗೆ ಕರಗದೆ ಉಳಿದ ಚಿನ್ನ ಅವುಗಳಲ್ಲಿ ಇನ್ನೂ ಇದೆ, ಅದನ್ನು ತೆಗೆಯುವ ಮಾತು 2024ರಲ್ಲಿ ರಾಜ್ಯ ಸಂಪುಟದ ಮುಂದೂ ಬಂತು. ಮತ್ತೆ ತೊಟ್ಟಿ ತುಂಬುವುದೇ ಆದರೆ, ಬಳಸಿ ಬಿಟ್ಟ ದ್ರಾವಣಕ್ಕೂ ಆ ದೂಳಿಗೂ ಈ ಸಲ ಲೆಕ್ಕದಲ್ಲಿ ಒಂದು ಬಾಬತ್ತು ಇರಬೇಕು.